19 ಮೆಟ್ಟಿಲು, 17 ಕೆ.ಜಿ. 850 ಗ್ರಾಂ: ದಾವಣಗೆರೆಯಲ್ಲಿ ನಾನು ಎಲೆಕ್ಟ್ರಿಕ್ ಸೈಕಲ್ ಕೊಂಡ ಕಥೆ

ನಮ್ಮ ಮನೆಗೆ 19 ಮೆಟ್ಟಿಲು. ನಿಟ್ಟುವಳ್ಳಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಓನರ್ ಕಾರು, ಅವರ ಮಗನ ಬುಲೆಟ್, ಇನ್ನೊಬ್ಬ ಬಾಡಿಗೆದಾರರ ಎರಡು ಸ್ಕೂಟರ್. ಚಪ್ಪಲಿ ಸ್ಟ್ಯಾಂಡ್ ಇಡೋಕೂ ಜಾಗ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಪಟ್ಟ ಪಾಡಿಗೆಲ್ಲ ಈ ಮೆಟ್ಟಿಲೇ ಕಾರಣ.

ನಾನು ಮಂಡಿಪೇಟೆಯ ಒಂದು ಅಕ್ಕಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸಂತೆ, ಬ್ಯಾಂಕು ಎಲ್ಲ ಸೇರಿ ದಿನಕ್ಕೆ ಎಂಟು ಕಿಲೋಮೀಟರ್ ಓಡಾಟ. 13 ವರ್ಷದ ಸ್ಕೂಟರ್ ಫೆಬ್ರವರಿಯಲ್ಲಿ ಕೈಕೊಟ್ಟಿತು. ಇಂಜಿನ್ ಕೆಲಸಕ್ಕೆ ಮೆಕ್ಯಾನಿಕ್ 14,000 ಕೇಳಿದ. ಹೊಸ ಎಲೆಕ್ಟ್ರಿಕ್ ಸ್ಕೂಟರ್ ಅಂದರೆ ಲಕ್ಷದ ಮಾತು. ಎಂಟು ಕಿಲೋಮೀಟರ್‌ಗೆ ಲಕ್ಷ ಯಾಕೆ ಅಂತ ಅನ್ನಿಸಿತು. ನಮ್ಮೂರು ಹಪ್ಪಳದ ಹಾಗೆ ಸಪಾಟು. ರೈಲ್ವೆ ಸೇತುವೆ ಬಿಟ್ಟರೆ ಏರು ಅನ್ನೋದೇ ಇಲ್ಲ. ಹೈಸ್ಕೂಲಿಗೆ ಸೈಕಲ್‌ನಲ್ಲೇ ಹೋದವಳು ನಾನು. ಆದರೆ ಈಗ 46 ವಯಸ್ಸು, ಏಪ್ರಿಲ್ ಬಿಸಿಲಲ್ಲಿ ಬೆವರು ಸುರಿಸಿಕೊಂಡು ಅಂಗಡಿ ಗದ್ದುಗೆ ಮೇಲೆ ಕೂರಲಾಗುವುದಿಲ್ಲ. ಸ್ವಲ್ಪ ಹಿಂದಿನಿಂದ ತಳ್ಳುವ ಸೈಕಲ್ ಇದ್ದರೆ ಸಾಕು ಅಂದುಕೊಂಡೆ.

ಮೊದಲು ಹೋದ ಶೋರೂಮಿನ ಹೆಸರು ಬೇಡ. ಎಲೆಕ್ಟ್ರಿಕ್ ಸೈಕಲ್ ಕೇಳಿದರೆ ಆ ಹುಡುಗ ಮೊದಲು ತೋರಿಸಿದ್ದು ಪುಟ್ಟ ಸ್ಕೂಟರ್. ಬೇಡ ಅಂದೆ. ಆಮೇಲೆ ಒಳಗಿನಿಂದ ಒಂದು ಸೈಕಲ್ ತಂದ. ಬೈಕಿನಷ್ಟು ದಪ್ಪ ಟೈರು, ಮುಂದೆ ಸಸ್ಪೆನ್ಷನ್, ಏಳು ಗೇರು, ಬಣ್ಣದ ಡಿಸ್‌ಪ್ಲೇ. "ಹೊಸ ಟೆಕ್ನಾಲಜಿ ಮೇಡಂ" ಅಂದ. ಎಷ್ಟು ಭಾರ ಅಂತ ಕೇಳಿದೆ. ಅವನಿಗೆ ಗೊತ್ತಿಲ್ಲ. ಇಲ್ಲಿಯವರೆಗೆ ಯಾರೂ ಕೇಳಿಲ್ಲವಂತೆ. ಎತ್ತಿ ನೋಡಿದೆ. 25 ಕೆ.ಜಿ. ಅಕ್ಕಿ ಚೀಲದ ಭಾರ ನನ್ನ ಕೈಗೆ ಚೆನ್ನಾಗಿ ಗೊತ್ತು. ಇದು ಅದಕ್ಕಿಂತ ಒಂದು ಕೈ ಜಾಸ್ತಿಯೇ. ದಿನಾ ಎರಡು ಸಲ, 19 ಮೆಟ್ಟಿಲು! ನಮಸ್ಕಾರ ಹೇಳಿ ಹೊರಟೆ.

ನೀವೂ ಹೋದರೆ ಬೆಲೆಗಿಂತ ಮೊದಲು ಭಾರ ಕೇಳಿ. ಕೇಳಿದರೆ ಸಾಲದು, ಎತ್ತಿ ನೋಡಿ.

ಆಮೇಲೆ ಮೂರು ವಾರ ರಾತ್ರಿ ಊಟ ಆದ ಮೇಲೆ ಫೋನ್ ಹಿಡಿದು ಓದುವುದೇ ಕೆಲಸ. ಮಗಳು, "ಅಮ್ಮ, ಪಿಯುಸಿ ನಿಂದಾ ನಂದಾ?" ಅಂತ ಕೇಳುವಷ್ಟು ಓದಿದೆ. ತಿಳಿದದ್ದು ಇಷ್ಟು. ದೂರ ಹೋಗಬೇಕು ಅಂತ ದೊಡ್ಡ ಬ್ಯಾಟರಿ ಹಾಕುತ್ತಾರೆ. ಬ್ಯಾಟರಿ ಭಾರಕ್ಕೆ ಫ್ರೇಮ್ ದಪ್ಪ ಆಗುತ್ತದೆ. ಅದನ್ನು ಎಳೆಯಲು ದೊಡ್ಡ ಮೋಟಾರ್ ಬೇಕು, ಅದಕ್ಕೆ ಮತ್ತೆ ದೊಡ್ಡ ಬ್ಯಾಟರಿ ಬೇಕು. ನೆಂಟರಿಗೆಂದು ದೊಡ್ಡ ಪಾತ್ರೆ ತಂದು, ಅದಕ್ಕೆ ದೊಡ್ಡ ಒಲೆ, ಒಲೆಗೆ ದೊಡ್ಡ ಅಡುಗೆಮನೆ ಅಂತ ಹೋದ ಹಾಗೆ. ಹಗುರ ಸೈಕಲ್ ಮಾಡುವವರು ಇದನ್ನೇ ಉಲ್ಟಾ ಮಾಡುತ್ತಾರೆ. ಊರೊಳಗಿನ ಓಡಾಟಕ್ಕೆ ಸಾಕಾಗುವಷ್ಟೇ ಬ್ಯಾಟರಿ. ಗೇರಿಲ್ಲ, ಸಸ್ಪೆನ್ಷನ್ ಇಲ್ಲ, ತೆಳು ಟೈರು. ಚಾರ್ಜ್ ಮುಗಿದರೂ ಮಾಮೂಲಿ ಸೈಕಲ್ ತರಹ ತುಳಿದುಕೊಂಡು ಮನೆ ಸೇರಬಹುದು. ಭಾರದ್ದಾದರೆ ಚಾರ್ಜ್ ಮುಗಿದ ಮೇಲೆ ಅದು ಮರಳು ತುಂಬಿದ ತಳ್ಳುಗಾಡಿ.

ಮೋಟಾರ್‌ನಲ್ಲೂ ಎರಡು ಜಾತಿ. ಹಿಂದಿನ ಚಕ್ರದ ಹಬ್‌ನಲ್ಲಿ, ಅಂದರೆ ಕಡ್ಡಿಗಳೆಲ್ಲ ಸೇರುವ ನಡುಭಾಗದಲ್ಲಿ, ಕೂರುವ ಮೋಟಾರ್ ಒಳಗೆ ಸಣ್ಣ ಸಣ್ಣ ಹಲ್ಲುಚಕ್ರಗಳಿದ್ದರೆ ಅದು ಹಗುರ, ಆಫ್ ಮಾಡಿದಾಗ ಎಳೆತವೂ ಇರುವುದಿಲ್ಲ. ಹಲ್ಲುಚಕ್ರ ಇಲ್ಲದ್ದು ಗಟ್ಟಿಮುಟ್ಟು, ಆದರೆ ಭಾರ. ಆಫ್ ಮಾಡಿ ತುಳಿದರೆ ಒಳಗಿನ ಮ್ಯಾಗ್ನೆಟ್ ಹಿಡಿದು ಎಳೆಯುತ್ತದೆ. ಅಂದಹಾಗೆ ಆ ಶೋರೂಮ್ ಹುಡುಗನ 'ಹೊಸ ಟೆಕ್ನಾಲಜಿ' ಮಾತು ಓದುವಾಗ ನೆನಪಾಗಿ ನಗು ಬಂತು. ಹಿಂದಿನ ಚಕ್ರದ ನಡುವೆ ಮೋಟಾರ್ ಕೂರಿಸುವುದಕ್ಕೆ ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತ 1895ರಲ್ಲೇ ಪೇಟೆಂಟ್ ತೆಗೆದುಕೊಂಡಿದ್ದ. ನಾವು ತುಳಿದಾಗ ಮಾತ್ರ ಮೋಟಾರ್ ಕೈಜೋಡಿಸುವ ಪದ್ಧತಿಯ ಸೈಕಲ್ಲನ್ನು ಜಪಾನಿನ ಯಮಾಹಾ ಮಾರುಕಟ್ಟೆಗೆ ತಂದದ್ದೂ 1993ರಲ್ಲಿ.

ಓದುತ್ತಾ ಓದುತ್ತಾ ಯುರೋಪಿನ ಸೈಕಲ್‌ಗಳ ಮೇಲೆ ಮನಸ್ಸು ಹೋಯಿತು. ವೈರ್ ಒಂದೂ ಕಾಣುವುದಿಲ್ಲ, ಬ್ಯಾಟರಿ ಫ್ರೇಮಿನೊಳಗೇ ಮಾಯ, ಚೈನಿನ ಬದಲು ಗ್ರೀಸ್ ಬೇಡದ ಬೆಲ್ಟು. ಎಷ್ಟು ಚೆಂದ ಅಂದರೆ ಮನೆಯಲ್ಲಿ ಸುಮ್ನೆ ಗೋಡೆಗೆ ಒರಗಿಸಿಟ್ಟು ನೋಡಬಹುದು. ಆದರೆ ನೆದರ್‌ಲ್ಯಾಂಡ್ಸ್‌ನ ವ್ಯಾನ್‌ಮೂಫ್ ಕಂಪನಿ 2023ರ ಜುಲೈನಲ್ಲಿ ದಿವಾಳಿಯಾದ ಸುದ್ದಿ ಓದಿದೆ. ಅವರ ಸೈಕಲ್ ಕೆಲಸ ಮಾಡುವುದು ಫೋನಿನ ಆ್ಯಪ್ ನಂಬಿಕೊಂಡು. ಕಂಪನಿ ಸರ್ವರ್ ನಿಂತರೆ ನಮ್ಮ ಸೈಕಲ್ ಬೀಗವೇ ತೆಗೆಯಲಾಗುವುದಿಲ್ಲವೇನೋ ಅಂತ ಕೊಂಡವರೆಲ್ಲ ಗಾಬರಿಯಾದರು. ಕೊನೆಗೆ ಅವರ ಎದುರಾಳಿ, ಬೆಲ್ಜಿಯಂನ ಕೌಬಾಯ್ ಕಂಪನಿ, ಕೀಲಿಯ ಕೋಡ್ ಉಳಿಸಿಕೊಳ್ಳಲು ಒಂದು ಆ್ಯಪ್ ಮಾಡಿಕೊಟ್ಟಿತು. ವ್ಯಾನ್‌ಮೂಫ್ ಸೈಕಲ್ಲಿಗೆ ಬಿಡಿಭಾಗಗಳೂ ಅದೇ ಕಂಪನಿಯವೇ ಆಗಬೇಕು, ಬೇರೆಯವು ಕೂರುವುದಿಲ್ಲ.

ಅವತ್ತು ನನಗೆ ಒಂದು ವಿಷಯ ಗಟ್ಟಿಯಾಯಿತು. ನೋಡಲು ಸರಳ ಅನ್ನುವುದು ಒಂದು, ಬಿಚ್ಚಲು ಸರಳ ಅನ್ನುವುದು ಇನ್ನೊಂದು. ಎರಡೂ ಒಟ್ಟಿಗೆ ಸಿಗುವುದು ಅಪರೂಪ. ದಾವಣಗೆರೆಯಲ್ಲಿ ಇರುವವಳಿಗೆ ಎರಡನೆಯದೇ ಬೇಕು. ವೈರ್ ಕಂಡರೆ ಕಾಣಲಿ, ಹಳ್ಳಿಯ ಎಲೆಕ್ಟ್ರಿಷಿಯನ್ ಬಂದು ನೋಡಿದರೂ ಯಾವುದು ಎಲ್ಲಿಗೆ ಹೋಗುತ್ತದೆ ಅಂತ ತಿಳಿಯಬೇಕು. ಆ್ಯಪ್ ಬೇಡ. ಬ್ಯಾಟರಿ ಕೀಲಿ ತಿರುಗಿಸಿ ತೆಗೆಯುವಂಥದ್ದೇ ಆಗಬೇಕು. ಬೆಲ್ಟ್ ಕಿತ್ತರೆ ಇಲ್ಲಿ ಸಿಗುವುದಿಲ್ಲ, ಚೈನ್ ಗಲ್ಲಿ ಗಲ್ಲಿಯಲ್ಲಿ ಸಿಗುತ್ತದೆ.

ಕೊನೆಗೆ ಆಯ್ಕೆ ಮಾಡಿದ್ದು ಹೀಗಿದೆ: ಅಲ್ಯೂಮಿನಿಯಂ ಫ್ರೇಮ್, ಒಂದೇ ಗೇರು, ಹಿಂದಿನ ಹಬ್ಬಿನಲ್ಲಿ ಮೋಟಾರ್, 36 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ. ಗುಣಿಸಿದರೆ 252 ವ್ಯಾಟ್ ಅವರ್, ಅಂದರೆ ಕಾಲು ಯೂನಿಟ್ ಕರೆಂಟ್. ಹೆಂಗಸರಿಗೆ ಇನ್ನೊಂದು ತಲೆನೋವಿದೆ, ಮೇಲಿನ ಪೈಪು. ಲೇಡೀಸ್ ಸೈಕಲ್ ತರಹ ಪೈಪ್ ಕೆಳಗಿದ್ದರೆ ಹತ್ತಲು ಸುಲಭ. ಆದರೆ ಫ್ರೇಮ್ ಗಟ್ಟಿ ಇರಬೇಕು ಅಂತ ಅದಕ್ಕೆ ಜಾಸ್ತಿ ಲೋಹ ಹಾಕುತ್ತಾರೆ, ಭಾರ ಏರುತ್ತದೆ. ಮೆಟ್ಟಿಲು ಹತ್ತಿಸುವಾಗ ಹಿಡಿಯಲು ಜಾಗವೂ ಸಿಗುವುದಿಲ್ಲ. ಜೆಂಟ್ಸ್ ಸೈಕಲ್ಲಿನ ನೇರ ಪೈಪ್ ಎತ್ತಲು ಚೆಂದ, ಹತ್ತಲು ಕಷ್ಟ. ನಾನು ಓರೆಯಾಗಿ ಇಳಿಯುವ ಪೈಪಿನದ್ದು ತೆಗೆದುಕೊಂಡೆ. ಚೂಡಿದಾರಕ್ಕೆ ತೊಂದರೆ ಇಲ್ಲ. ಸೀರೆ ಉಟ್ಟ ದಿನ ಆಟೋ.

ಊರಲ್ಲಿ ಈ ಮಾದರಿ ಸ್ಟಾಕ್ ಇರಲಿಲ್ಲ. ಆನ್‌ಲೈನ್‌ನಲ್ಲಿ ಬುಕ್ ಮಾಡಿದೆ. 38,500 ರೂಪಾಯಿ, 5% ಜಿಎಸ್‌ಟಿ ಸೇರಿ. ಸಬ್ಸಿಡಿ ಇದೆಯಾ ಅಂತ ತುಂಬಾ ಜನ ಕೇಳುತ್ತಾರೆ. ನಾನು ಕೊಂಡಾಗ ಕೇಂದ್ರದ ಸಬ್ಸಿಡಿ ಇದ್ದದ್ದು ರಿಜಿಸ್ಟ್ರೇಷನ್ ಆಗುವ ಸ್ಕೂಟರ್‌ಗಳಿಗೆ, ನಮ್ಮ ಸೈಕಲ್ಲಿಗಲ್ಲ. ಇನ್ನೊಂದು, ಬ್ಯಾಟರಿಯನ್ನು ಮುಂದೆ ಬೇರೆಯಾಗಿ ಕೊಂಡರೆ ಅದಕ್ಕೆ 18% ತೆರಿಗೆ. ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಏಳು ದಿನ ಅಂದಿದ್ದರು. ಬಾಕ್ಸ್ ಬಂದದ್ದು 16ನೇ ದಿನ. ಬಿಚ್ಚಿದರೆ ಬ್ಯಾಟರಿ ಇಲ್ಲ! ಫೋನ್ ಮಾಡಿದೆ, ಹಾಡು ಕೇಳಿಸಿದರು, ಮತ್ತೆ ಮಾಡಿದೆ. ನಾಲ್ಕನೇ ಸಲ ಒಬ್ಬ ಹುಡುಗಿ ಸಿಕ್ಕಿ ಸಮಾಧಾನದಿಂದ ಹೇಳಿದಳು. ಲಿಥಿಯಂ ಬ್ಯಾಟರಿ ಅಪಾಯದ ಸರಕಿನ ಪಟ್ಟಿಯಲ್ಲಿದೆ, ಬೇರೆ ಪಾರ್ಸಲ್‌ನಲ್ಲಿ ರಸ್ತೆ ಮೇಲೇ ಬರುತ್ತದೆ ಅಂತ. ಅದು ನಿಜ. 160 ವ್ಯಾಟ್ ಅವರ್ ದಾಟಿದ ಬ್ಯಾಟರಿಯನ್ನು ವಿಮಾನದಲ್ಲಿ ಪ್ರಯಾಣಿಕರು ಲಗೇಜ್ ಆಗಿಯೂ ಒಯ್ಯುವಂತಿಲ್ಲ. ಆದರೆ ದುಡ್ಡು ಕಟ್ಟುವಾಗ ಒಂದು ಮಾತು ಹೇಳಬಹುದಿತ್ತಲ್ವಾ? ಇನ್ನೂ ಒಂಬತ್ತು ದಿನ ಕಾಯಬೇಕಾಯಿತು.

ಜೋಡಣೆಯಲ್ಲಿ ನಾನೇ ಒಂದು ತಪ್ಪು ಮಾಡುತ್ತಿದ್ದೆ. ಎಡಗಡೆ ಪೆಡಲ್ ಎಷ್ಟು ತಿರುಗಿಸಿದರೂ ಹತ್ತಲಿಲ್ಲ. ಮಗಳು ಸುತ್ತಿಗೆ ತಂದಳು. ಪುಣ್ಯಕ್ಕೆ ಹೊಡೆಯಲಿಲ್ಲ. ಎಡ ಪೆಡಲ್‌ನ ಥ್ರೆಡ್ ಉಲ್ಟಾ ಇರುತ್ತದೆ, ಅದನ್ನು ಎಡಕ್ಕೇ ತಿರುಗಿಸಿ ಬಿಗಿ ಮಾಡಬೇಕು. ಒಂದು ದೊಡ್ಡ ಸೈಕಲ್ ಅಂಗಡಿಗೆ ತಳ್ಳಿಕೊಂಡು ಹೋದರೆ, "ನಮ್ಮಲ್ಲಿ ತಗೊಂಡಿದ್ದಲ್ಲ, ಮುಟ್ಟಲ್ಲ" ಅಂದರು. ಕೊನೆಗೆ ನಮ್ಮ ರಸ್ತೆ ತಿರುವಿನಲ್ಲಿ ಗಾಳಿ ಹೊಡೆಯುವ ಚಾಚಾ ಹತ್ತಿರ ಹೋದೆ. ಎಪ್ಪತ್ತರ ಹತ್ತಿರದ ವಯಸ್ಸು. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದ ಕಾಲದವರು. ಮೋಟಾರ್ ಮೇಲೆ ಕೈ ಆಡಿಸಿ, "ಕರೆಂಟಿಂದು ನಂಗೆ ಗೊತ್ತಿಲ್ಲಮ್ಮ. ಉಳಿದಿದ್ದು ಸೈಕಲ್ ತಾನೆ?" ಅಂದರು. ಹ್ಯಾಂಡಲ್ ನೇರ ಮಾಡಿದರು. ಮುಂದಿನ ಡಿಸ್ಕ್ ಬ್ರೇಕ್ ಚರ್ ಚರ್ ಅಂತ ಉಜ್ಜುತ್ತಿತ್ತು. ಅದಕ್ಕೆ ಎರಡು ಬೋಲ್ಟ್ ಸಡಿಲಿಸಿ, ಬ್ರೇಕ್ ಅಮುಕಿ ಹಿಡಿದು, ಮತ್ತೆ ಬಿಗಿ ಮಾಡಿದರೆ ಸರಿಹೋಗುತ್ತದೆ ಅಂತ ನಾನು ವಿಡಿಯೋ ನೋಡಿ ಹೇಳಿದೆ, ಅವರು ಮಾಡಿದರು. 200 ರೂಪಾಯಿ ತಗೊಂಡರು. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡು, ಸೀರೆ ಗಾರ್ಡ್ ಎಲ್ಲ ಹಾಕಿಸಿದ್ದಕ್ಕೆ 2,150 ಆಯಿತು. ಕಂಪನಿಯವರು ಇದ್ಯಾವುದನ್ನೂ ಕೊಡುವುದಿಲ್ಲ. ಕೊಟ್ಟರೆ ಜಾಹೀರಾತಿನ ಭಾರ ಏರುತ್ತದಲ್ಲ!

ಬ್ಯಾಟರಿ ಇಲ್ಲದ ಆ ಒಂಬತ್ತು ದಿನ ಸುಮ್ಮನಿರದೆ ಬರೀ ಸೈಕಲ್ ಅಂತಲೇ ಓಡಿಸಿದೆ. ಈಗ ಅನ್ನಿಸುತ್ತದೆ, ಅದೇ ಸರಿಯಾದ ಪರೀಕ್ಷೆ. ಬೆಳಗಿನ ತಂಪಿನಲ್ಲಿ ಕುಂದವಾಡ ಕೆರೆವರೆಗೂ ಹೋಗಿ ಬಂದೆ. ಮೋಟಾರ್ ಸುಮ್ಮನೆ ಕೂತಿದ್ದರೂ ಕಾಲಿಗೆ ಭಾರ ಅನ್ನಿಸಲಿಲ್ಲ. ನಿಮಗೆ ಟೆಸ್ಟ್ ರೈಡ್ ಕೊಟ್ಟರೆ ಮೊದಲು ಆಫ್ ಮಾಡಿ ತುಳಿಯಿರಿ. ಆನ್ ಮಾಡಿದಾಗ ಎಲ್ಲ ಸೈಕಲ್ಲೂ ಹಗುರವೇ.

ಬ್ಯಾಟರಿ ಬಂದ ದಿನ ಅಂಗಡಿಗೆ ತಗೊಂಡು ಹೋಗಿ ನೇರ ತಕ್ಕಡಿ ಮೇಲೆ ನಿಲ್ಲಿಸಿದೆ. ಜಾಹೀರಾತಿನಲ್ಲಿ 15.5 ಕೆ.ಜಿ. ನಮ್ಮ ಎಲೆಕ್ಟ್ರಾನಿಕ್ ಕಾಟಾ ತೋರಿಸಿದ್ದು 17 ಕೆ.ಜಿ. 850 ಗ್ರಾಂ. ಅದರಲ್ಲಿ ಬ್ಯಾಟರಿ ಒಂದೇ 1 ಕೆ.ಜಿ. 700 ಗ್ರಾಂ. ಸಾವ್ಕಾರರು ನಕ್ಕು, "ತೂಕದಲ್ಲಿ ಮೋಸ ನಮ್ಮ ವ್ಯಾಪಾರದಾಗೆ ಮಾತ್ರ ಅನ್ಕಂಡಿದ್ದೆ" ಅಂದರು. ಹಮಾಲಿ ಮಾಡುವ ಹುಡುಗ ಒಂದೇ ಕೈಯಲ್ಲಿ ಎತ್ತಿ, "ಅಕ್ಕಾರ, ಇದು ಅರ್ಧ ಚೀಲಾನೂ ಇಲ್ಲ ಬಿಡ್ರಿ" ಅಂದ. ಅವನ ಚೀಲ 50 ಕೆ.ಜಿ.ಯದ್ದು. ನನಗೆ ಅಷ್ಟು ಸಲೀಸಲ್ಲ. ಈಗ ಒಂದು ಉಪಾಯ ಕಂಡುಕೊಂಡಿದ್ದೇನೆ. ಮೊದಲು ಬ್ಯಾಟರಿ ತೆಗೆದು ಬ್ಯಾಗಿಗೆ ಹಾಕಿಕೊಳ್ಳುವುದು. ಆಮೇಲೆ ಪೈಪನ್ನು ಬಲ ಹೆಗಲಿಗೆ ಕೊಡುವುದು. ಚೈನ್ ಸೈಕಲ್ಲಿನ ಬಲಗಡೆ ಇರುವುದರಿಂದ ಅದು ಹೊರಗಡೆ ಉಳಿಯುತ್ತದೆ, ಬಟ್ಟೆಗೆ ಗ್ರೀಸ್ ತಾಗುವುದಿಲ್ಲ. ಮೊದಲ ವಾರ ಎಡ ಹೆಗಲಿಗೆ ಹಾಕಿ ಎರಡು ಚೂಡಿದಾರ ಹಾಳು ಮಾಡಿಕೊಂಡೆ.

ಇನ್ನು ಓಡಿಸುವುದು. ನನ್ನದು ಪೆಡಲ್ ತಿರುಗಿದ್ದನ್ನು ಮಾತ್ರ ನೋಡುವ ಸೆನ್ಸರ್. ಎಷ್ಟು ಒತ್ತಿ ತುಳಿಯುತ್ತಿದ್ದೇವೆ ಅಂತ ಅಳೆಯುವ ಟಾರ್ಕ್ ಸೆನ್ಸರ್ ಬೇರೆ ಇದೆ, ಅದು ದುಬಾರಿ. ವ್ಯತ್ಯಾಸ ಗೊತ್ತಾದದ್ದು ಎರಡನೇ ದಿನ ಚೌಕಿಪೇಟೆಯಲ್ಲಿ. ಜನರ ನಡುವೆ ಮೆಲ್ಲಗೆ ಪೆಡಲ್ ತಿರುಗಿಸಿದೆ. ಅರ್ಧ ಸುತ್ತು ಏನೂ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ಹಿಂದಿನಿಂದ ಯಾರೋ ನೂಕಿದ ಹಾಗೆ ಮುಂದೆ ನುಗ್ಗಿತು. ಬಳೆ ಅಂಗಡಿ ಮುಂದಿನ ಬುಟ್ಟಿಗೆ ಚಕ್ರ ತಾಗಿ ನಿಂತಿತು. ಅಂಗಡಿಯಾಕೆ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಈಗ ಸಂದಿಯಲ್ಲಿ ಮೋಟಾರ್ ಆಫ್, ಇಲ್ಲದಿದ್ದರೆ ಮೋಟಾರ್ ಮೆಲ್ಲಗೆ ತಳ್ಳುವ ಒಂದನೇ ಹಂತ, ಬೆರಳು ಯಾವಾಗಲೂ ಬ್ರೇಕ್ ಮೇಲೆ. ಬ್ರೇಕ್ ಮುಟ್ಟಿದ ಕೂಡಲೇ ಮೋಟಾರ್ ಕಟ್ ಆಗುತ್ತದೆ. ಕೊಳ್ಳುವ ಮೊದಲು ಈ ಕಟ್-ಆಫ್ ಇದೆಯಾ ಅಂತ ನೋಡಲೇಬೇಕು. ದುಡ್ಡಿದ್ದರೆ ಟಾರ್ಕ್ ಸೆನ್ಸರ್‌ನದ್ದೇ ತಗೊಳ್ಳಿ, ನಾನು ಅಲ್ಲಿ ಜಿಪುಣತನ ಮಾಡಿದೆ.

ರೈಲ್ವೆ ಗೇಟ್ ಬಿದ್ದಾಗ ಮಾತ್ರ ಇದರ ರುಚಿ ಗೊತ್ತಾಗುತ್ತದೆ. ಕಾರು, ಆಟೋ ಎಲ್ಲ ಹಾರ್ನ್ ಹೊಡೆಯುತ್ತಾ ನಿಂತಿರುತ್ತವೆ. ನಾನು ಇಳಿದು, ಬದಿಯಲ್ಲಿ ತಳ್ಳಿಕೊಂಡು ಮುಂದೆ ಹೋಗಿ ನಿಲ್ಲುತ್ತೇನೆ. ಗೇಟ್ ತೆಗೆದ ಮೇಲೆ ಎಲ್ಲರೂ ನನ್ನನ್ನು ದಾಟಿ ಹೋಗುತ್ತಾರೆ ನಿಜ. ಗಾಂಧಿ ಸರ್ಕಲ್ ಸಿಗ್ನಲ್‌ನಲ್ಲಿ ಮತ್ತೆ ಪಕ್ಕದಲ್ಲೇ ಸಿಗುತ್ತಾರೆ.

ಆರ್‌ಸಿ, ಲೈಸೆನ್ಸ್ ವಿಚಾರ. ಮೇ ತಿಂಗಳಲ್ಲಿ ಒಂದು ಸರ್ಕಲ್‌ನಲ್ಲಿ ಪೊಲೀಸರು ಕೈ ಅಡ್ಡ ಹಾಕಿದರು. ಎದೆ ಧಸಕ್ ಅಂತು. ನಿಯಮ ಹೀಗಿದೆ: ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇದ್ದರೆ ಅದು ಮೋಟಾರು ವಾಹನದ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಆ ಮಾದರಿಗೆ ಪುಣೆಯ ಎಆರ್‌ಎಐ ಅಥವಾ ಮಾನೇಸರ್‌ನ ಐಕ್ಯಾಟ್ ತರಹದ, ವಾಹನ ಪರೀಕ್ಷೆ ಮಾಡುವ ಸಂಸ್ಥೆಯ ಒಪ್ಪಿಗೆ ಇರಬೇಕು. ನಾನು ಬಿಲ್ಲು, ಆ ಸರ್ಟಿಫಿಕೇಟಿನ ಜೆರಾಕ್ಸ್ ಎರಡನ್ನೂ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಬ್ಯಾಗಿನಲ್ಲಿಟ್ಟಿದ್ದೆ. ತೆಗೆಯಲು ಹೋದೆ. ಅವರು, "ಅದೆಲ್ಲ ಇರ್ಲಿ ಮೇಡಂ, ಎಷ್ಟು ಬಿತ್ತು ಇದು? ನಮ್ ಹುಡುಗೀಗೆ ಕಾಲೇಜಿಗೆ ಬೇಕಿತ್ತು" ಅಂದರು. ಹತ್ತು ನಿಮಿಷ ಅಲ್ಲೇ ನಿಂತು ಮಾತಾಡಿದೆವು. ಹಾಗಂತ ನೀವು ಕಾಗದ ಇಲ್ಲದೆ ಓಡಾಡಬೇಡಿ. ಸರ್ಟಿಫಿಕೇಟನ್ನು ಕಂಪನಿ ತಾನಾಗಿ ಕೊಡಲಿಲ್ಲ, ಎರಡು ಮೇಲ್ ಹಾಕಿದ ಮೇಲೆ ಕಳಿಸಿತು. ವೇಗದ ಮಿತಿಯನ್ನು ಸೆಟ್ಟಿಂಗ್‌ನಲ್ಲಿ ತೆಗೆಸಿಕೊಡ್ತೀವಿ ಅಂತ ಕೆಲವರು ಹೇಳುತ್ತಾರೆ. ತೆಗೆಸಿದರೆ ಈ ವಿನಾಯಿತಿ ಹೋಯಿತು, ರಿಜಿಸ್ಟ್ರೇಷನ್ ಇಲ್ಲದ ಬೈಕ್ ಓಡಿಸಿದ ಹಾಗೆ ಆಗುತ್ತದೆ.

ಚಾರ್ಜಿಂಗ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಖಾಲಿಯಿಂದ ತುಂಬಲು ನಾಲ್ಕು ಗಂಟೆ. ಒಂದು ಸಲಕ್ಕೆ ಯೂನಿಟ್‌ನ ಮೂರನೇ ಒಂದು ಭಾಗವೂ ಹೋಗುವುದಿಲ್ಲ. ಗೃಹಜ್ಯೋತಿ ಇರುವುದರಿಂದ ಬೆಸ್ಕಾಂ ಬಿಲ್ಲಿನಲ್ಲಿ ಕಂಡೇ ಇಲ್ಲ. ಬಿಸಿಲಿನಿಂದ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಅರ್ಧ ಗಂಟೆ ತಣ್ಣಗಾಗಲಿ. ಲಿಥಿಯಂಗೆ ನಮ್ಮ ಏಪ್ರಿಲ್ ಆಗುವುದಿಲ್ಲ. ಕಂಪನಿ ಹೇಳಿದ್ದು 45 ಕಿಲೋಮೀಟರ್, ನನಗೆ ಬರುತ್ತಿರುವುದು 27. ಆಷಾಢದ ಗಾಳಿಗೆ ಎದುರಾಗಿ ತುಳಿದ ವಾರ 20ಕ್ಕೇ ನಿಂತಿತು. ಪಕ್ಕದ ಚಿತ್ರದುರ್ಗದಲ್ಲಿ ಗುಡ್ಡದ ಮೇಲೆ ಗಾಳಿಯಂತ್ರ ಯಾಕೆ ಹಾಕಿದ್ದಾರೆ ಅಂತ ಹೆಗಲಿಗೆ ಅರ್ಥವಾಯಿತು. ಏರಿಲ್ಲದ ಊರಿಗೆ ಗಾಳಿಯೇ ಗುಡ್ಡ.

ನಾನು ಅತಿ ಹೆದರಿದ್ದು ಹಿಂದಿನ ಚಕ್ರದ ಪಂಕ್ಚರ್‌ಗೆ. ಮೋಟಾರಿನ ವೈರ್ ಕಳಚಬೇಕು, 18ರ ಪಾನಾ ಬೇಕು, ಆಕ್ಸಲ್ (ಚಕ್ರದ ನಡುವಿನ ಅಚ್ಚು) ತಿರುಗದಂತೆ ಹಿಡಿಯುವ ವಾಷರ್ ಮತ್ತೆ ಅದೇ ದಿಕ್ಕಿಗೆ ಕೂರಬೇಕು, ತಪ್ಪಿದರೆ ಆಕ್ಸಲ್ ಸುತ್ತಿ ವೈರ್ ಕಿತ್ತುಬರುತ್ತದೆ ಅಂತೆಲ್ಲ ಓದಿದ್ದೆ. ಜೂನ್ ಕೊನೆಗೆ ಹದಡಿ ರಸ್ತೆಯಲ್ಲಿ ಮೊಳೆ ಹೊಕ್ಕಿತು. ಚಾಚಾ ಹತ್ತಿರ ತಳ್ಳಿಕೊಂಡು ಹೋಗಿ, ಇಷ್ಟನ್ನೂ ಒಂದೇ ಉಸಿರಿಗೆ ಒದರಿದೆ. ಅವರು ಬೀಡಿ ಪಕ್ಕಕ್ಕಿಟ್ಟು, "ಪಂಕ್ಚರ್‌ಗೆ ಚಕ್ರ ಯಾಕ್ ಬಿಚ್ಚಬೇಕಮ್ಮ? ಐವತ್ತು ವರ್ಷದಿಂದ ಬಿಚ್ಚಿಲ್ಲ" ಅಂದರು. ಸೈಕಲ್ ಮಲಗಿಸಿ, ಟೈರಿನ ಒಂದು ಅಂಚು ಎಬ್ಬಿಸಿ, ಟ್ಯೂಬ್ ಹೊರಗೆಳೆದು, ನೀರಿನ ಬಾಣಲೆಯಲ್ಲಿ ಗುಳ್ಳೆ ನೋಡಿ, ತೇಪೆ ಹಾಕಿ ಒಳಗೆ ತಳ್ಳಿದರು. ಹದಿನೈದು ನಿಮಿಷ. ಮೂವತ್ತು ರೂಪಾಯಿ. ನಾನು ಎರಡು ತಿಂಗಳು ನಿದ್ದೆಗೆಟ್ಟು ನೋಡಿದ ವಿಡಿಯೋಗಳಲ್ಲಿ ಒಬ್ಬರೂ ಇದನ್ನು ತೋರಿಸಿರಲಿಲ್ಲ. ಟ್ಯೂಬೇ ಬದಲಿಸಬೇಕಾದರೆ ಮಾತ್ರ ಚಕ್ರ ಬಿಚ್ಚಲೇಬೇಕು. ಅದಕ್ಕಾಗಿ ವಾಷರ್‌ಗಳ ಫೋಟೋ ತೆಗೆದಿಟ್ಟುಕೊಂಡಿದ್ದೇನೆ.

ಚಾಚಾಗೂ ಒಂದು ಕಡೆ ಏಟು ಬಿತ್ತು. ಟೈರ್ ಸವೆದರೆ ಏನು ಅಂತ ಕೇಳಿದ್ದಕ್ಕೆ 28 ಇಂಚಿನದ್ದು ನಂ ಹತ್ರ ಇದೆ ಅಂತ ತಂದು ಹಿಡಿದರು. ದೊಡ್ಡದಾಯಿತು. ನನ್ನದು 700ಸಿ ಅನ್ನುವ ಸೈಜು, ರಿಮ್ಮಿನ ಅಳತೆ 622 ಮಿಲಿಮೀಟರ್. ಹಾಲಿನವರ ಹಳೇ ಸೈಕಲ್ಲಿನ 28 ಇಂಚಿಗೆ 635. ಎರಡಕ್ಕೂ 28 ಅಂತಲೇ ಹೆಸರು. ಟ್ಯೂಬ್ ಹೇಗೋ ಹೊಂದುತ್ತದೆ, ಟೈರ್ ಹೊಂದುವುದಿಲ್ಲ. ಟೈರಿನ ಬದಿಯಲ್ಲಿ ಬರೆದ ನಂಬರ್ ನೋಡಿಯೇ ಕೊಳ್ಳಿ.

ಕಳೆದ ವಾರ ಹಿಂದಿನ ಚಕ್ರದ ಒಂದು ಕಡ್ಡಿ ಮುರಿಯಿತು. ಚಾಚಾ ಡಬ್ಬಿ ಬೋರಲು ಹಾಕಿ ಹುಡುಕಿದರು. ಮೋಟಾರಿನ ಹಬ್ ದೊಡ್ಡದಲ್ವಾ, ಅದಕ್ಕೆ ಕಡ್ಡಿ ಗಿಡ್ಡ, ದಪ್ಪವೂ ಹೌದು. ಊರಲ್ಲಿ ಸಿಗಲಿಲ್ಲ. ಸೈಕಲ್ ಕೊಳ್ಳುವ ದಿನವೇ ಹತ್ತು ಕಡ್ಡಿ ಜಾಸ್ತಿ ಕೇಳಿ ತಗೊಳ್ಳಿ, ನಾನು ಕೇಳಲಿಲ್ಲ. ಬೆಂಗಳೂರಿಗೆ ಆರ್ಡರ್ ಹಾಕಿ ಇವತ್ತಿಗೆ ಆರು ದಿನ, ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಪಕ್ಕದ ಎರಡು ಕಡ್ಡಿ ಬಿಗಿ ಮಾಡಿ, ಬೆಂಡ್ ತೆಗೆದು ಕೊಟ್ಟಿದ್ದಾರೆ. "ಮೆಲ್ಲಗೆ ಹೋಗಮ್ಮ, ಗುಂಡಿ ನೋಡ್ಕೊಂಡು" ಅಂದಿದ್ದಾರೆ. ಮೆಲ್ಲಗೇ ಹೋಗುತ್ತಿದ್ದೇನೆ. ಗುಂಡಿ ನೋಡದೆ ಹೋಗಲು ನಮ್ಮೂರಲ್ಲಿ ಆಗುತ್ತದೆಯೇ?